ಗುಂಪು ಸೆಮಿನಾರ್‌ಗೆ ಗೂಗಲ್ ಸ್ಲೈಡ್ಸ್: ತಯಾರಿಗೆ ಸೊಗಸು, ವೇದಿಕೆಗೆ ಪಿಡಿಎಫ್

ನಾಲ್ಕೈದು ಮಂದಿ ಸೇರಿ ತರಗತಿಯಲ್ಲಿ ಸೆಮಿನಾರ್ ಕೊಡಬೇಕಾದಾಗ ನೆಟ್‌ನಲ್ಲೇ ಸ್ಲೈಡ್ ತಯಾರಿಸುವ ಗೂಗಲ್ ಸ್ಲೈಡ್ಸ್ ತುಂಬ ಕೆಲಸಕ್ಕೆ ಬರುತ್ತದೆ. ಖರ್ಚಿಲ್ಲ, ಎಲ್ಲರೂ ಒಂದೇ ಕಡತದಲ್ಲಿ ಒಟ್ಟಿಗೆ ಬರೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ‘ಫೈನಲ್’, ‘ಫೈನಲ್ 2’ ಎಂದು ಓಡಾಡುವ ಕಡತಗಳ ಕಾಟವೂ ಇರುವುದಿಲ್ಲ. ಆದರೆ ಕನ್ನಡದಲ್ಲಿ ಮಂಡಿಸುವವರು ಇದನ್ನು ತಯಾರಿಯ ಮಟ್ಟಿಗೆ ನಂಬಿ, ವೇದಿಕೆಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳುವುದೇ ಕ್ಷೇಮ.

ಮೊದಲ ಸ್ಲೈಡ್ ಬರೆಯುವ ಮುನ್ನ ಪೇಜ್ ಸೆಟಪ್ ನೋಡಿ. ತಾನಾಗಿ ಬರುವ ಅಗಲ–ಎತ್ತರದ ಅನುಪಾತ 16:9. ಹಳೆಯ ಪ್ರೊಜೆಕ್ಟರ್ ಹಲವು ಕಡೆ 4:3. ಕೊನೆಗೆ ಬದಲಿಸಿದರೆ ಚಿತ್ರ, ಕೋಷ್ಟಕಗಳನ್ನೆಲ್ಲ ಮತ್ತೆ ಜೋಡಿಸುತ್ತ ಕೂರಬೇಕಾಗುತ್ತದೆ. ಆಮೇಲೆ ಎಲ್ಲ ಸ್ಲೈಡುಗಳಿಗೂ ಒಂದೇ ರೂಪ ಕೊಡುವ ಥೀಮ್ ಬಿಲ್ಡರ್‌ನಲ್ಲಿ ಅಕ್ಷರ, ಬಣ್ಣಗಳನ್ನು ಒಬ್ಬರೇ ನಿಗದಿ ಮಾಡಲಿ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ 2 ಎಂಬ ಕನ್ನಡ ಫಾಂಟ್‌ಗಳು ಇಲ್ಲೇ ಸಿಗುತ್ತವೆ. ಮೊದಲೆರಡು ಪಠ್ಯಕ್ಕೆ, ದಪ್ಪನೆಯ ಬಲೂ ತಲೆಬರಹಕ್ಕೆ ಒಪ್ಪುತ್ತದೆ. ಪಠ್ಯ 28 ಪಾಯಿಂಟ್‌ಗೆ ಇಳಿಯದಿರಲಿ, ಸಾಲುಗಳ ಅಂತರ 1.3ರ ಆಸುಪಾಸು ಇರಲಿ. ಇಂಗ್ಲಿಷಿಗೆ ಸಾಲುವ ಅಂತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಸಾಲಿನ ತಲೆಗೆ ತಾಗುತ್ತವೆ. ಬೇರೆಡೆಯಿಂದ ಪಠ್ಯ ತರುವಾಗ ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ. ಶಿಫ್ಟ್ ಬಿಟ್ಟು ಬರೀ ಕಂಟ್ರೋಲ್, ವಿ ಒತ್ತಿದರೆ ಮೂಲ ಕಡತದ ಅಕ್ಷರ, ಬಣ್ಣಗಳೂ ಹಿಂದೆಯೇ ಬರುತ್ತವೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ, ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಯಾರೋ ಸ್ಲೈಡ್ ಅಳಿಸಿಬಿಟ್ಟರೆ ಗಾಬರಿ ಬೇಡ, ಕಡತದ ಹಳೆಯ ಆವೃತ್ತಿಗಳನ್ನು ತೋರಿಸುವ ವರ್ಷನ್ ಹಿಸ್ಟರಿಯಲ್ಲಿ ಇರುತ್ತದೆ. ಹಾಗೆಂದು ಅಲ್ಲಿ ನೇರವಾಗಿ ‘ರಿಸ್ಟೋರ್’ ಒತ್ತಬೇಡಿ: ಇಡೀ ಕಡತವೇ ಹಿಂದಕ್ಕೆ ಹೋಗಿ, ಅದಾದ ಮೇಲೆ ಉಳಿದವರು ಮಾಡಿದ್ದೆಲ್ಲ ಮರೆಯಾಗುತ್ತದೆ. ಆ ಆವೃತ್ತಿಯ ನಕಲು ತೆಗೆದು ಬೇಕಾದ ಸ್ಲೈಡನ್ನಷ್ಟೇ ತಂದುಕೊಳ್ಳಿ. ಯಾರು ಏನು ತಿದ್ದಿದರು ಎಂಬುದೂ ಅಲ್ಲಿ ಹೆಸರಿನ ಸಮೇತ ಕಾಣುವುದರಿಂದ, ಕೆಲಸ ಮಾಡಿದವರ ಶ್ರಮಕ್ಕೆ ಸಾಕ್ಷಿ ಉಳಿಯುತ್ತದೆ. ನನಗೆ ಇದರ ಅತಿ ದೊಡ್ಡ ಗುಣವೆನ್ನಿಸುವುದು ಇದೇ.

ಕೈಕೊಡುವುದು ಸೆಮಿನಾರ್ ಹಾಲ್‌ನಲ್ಲಿ. ನೆಟ್ ಇಲ್ಲದಿದ್ದರೆ ಕಡತ ತೆರೆಯದು. ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟ ಕಂಪ್ಯೂಟರಿನಲ್ಲಷ್ಟೇ ನೆಟ್ ಇಲ್ಲದೆಯೂ ತೆರೆಯುತ್ತದೆ. ಪವರ್‌ಪಾಯಿಂಟ್ ಕಡತವಾಗಿ ಇಳಿಸಿಕೊಂಡರೆ ಫಾಂಟ್ ಜೊತೆಗೆ ಬರುವುದಿಲ್ಲ. ಕಾಲೇಜಿನ ವಿಂಡೋಸ್ ಅದರ ಬದಲಿಗೆ ತನ್ನ ಫಾಂಟ್‌ಗಳಾದ ನಿರ್ಮಲಾ ಯುಐ ಅಥವಾ ತುಂಗಾ ಹಾಕುತ್ತದೆ, ಸಾಲು ಮುರಿದು ಪಠ್ಯ ಚೌಕಟ್ಟಿನಾಚೆ ಇಳಿಯುತ್ತದೆ. ಹಾಗಾಗಿ ಪಿಡಿಎಫ್ ಮಾಡಿ ಎರಡು ಪೆನ್‌ಡ್ರೈವ್‌ಗಳಲ್ಲಿ ಇಟ್ಟುಕೊಳ್ಳಿ. ಅನಿಮೇಷನ್, ವಿಡಿಯೊ ಅದರಲ್ಲಿ ಓಡುವುದಿಲ್ಲ, ವಿಡಿಯೊ ಬೇಕಿದ್ದರೆ ಬೇರೆ ಕಡತವಾಗಿ ಒಯ್ಯಿರಿ. ಮಾತಾಡುವವರಿಗೆಂದು ಬರೆದಿಟ್ಟ ಸ್ಪೀಕರ್ ನೋಟ್ಸ್ ಕೂಡ ಪರದೆಯಲ್ಲಿ ಸಿಗದ ಕಾರಣ, ಪ್ರಿಂಟ್ ಪ್ರಿವ್ಯೂನಲ್ಲಿ ‘ನೋಟ್ಸ್ ಸಹಿತ’ ಆಯ್ಕೆ ಮಾಡಿ ಮುದ್ರಿಸಿಕೊಳ್ಳಿ.

ಸ್ಲೈಡಿಗೆ ಒಂದೇ ರೂಪ ಕೊಟ್ಟಂತೆ ಉಡುಪನ್ನೂ ತಂಡವೆಲ್ಲ ಮಾತಾಡಿ ಗೊತ್ತುಮಾಡಿಕೊಳ್ಳಿ. ಹೊಸದು ಕೊಳ್ಳಬೇಕಿಲ್ಲ: ಇಸ್ತ್ರಿ ಮಾಡಿದ ತಿಳಿ ಬಣ್ಣದ ಶರ್ಟ್, ಕಡು ಬಣ್ಣದ ಪ್ಯಾಂಟ್, ಸಾದಾ ಚೂಡಿದಾರ್ ಅಥವಾ ಹತ್ತಿ ಸೀರೆ ಸಾಕು. ಕಾಲರ್ ಮೈಕ್ ಇದ್ದರೆ ದುಪಟ್ಟಾ, ಸೆರಗಿಗೆ ಪಿನ್ ಹಾಕಿ, ಕೊರಳಿನ ಐಡಿ ಕಾರ್ಡ್ ತೆಗೆದಿಡಿ. ಇವು ಮೈಕಿಗೆ ಉಜ್ಜಿದರೆ ಹಿಂದಿನ ಬೆಂಚಿಗೆ ಕೇಳುವುದು ಬರೀ ಸರಬರ ಸದ್ದು.