ಮಿರಜದಲ್ಲಿ ತಂಬೂರಿಗೆ ಜವಾರಿ ತೆಗೆಸಿದ್ದು

ಸಾಂಗಲಿ ಜಿಲ್ಲೆಯ ಜತ್ತಿನ ನಮ್ಮ ಮನೆಯಲ್ಲಿ ಅತ್ತೆಯವರು ಹಾಡುತ್ತಿದ್ದ ಮಿರಜ ತಂಬೂರಿ ಇದೆ. ಎರಡು ವರ್ಷದಿಂದ ಅದಕ್ಕೆ ಬಾಯಿ ಕಟ್ಟಿತ್ತು; ಮೀಟಿದರೆ ನಾದ ಎದ್ದಲ್ಲೇ ಕೂತುಬಿಡುವುದು. ಮೊದಲು ಹತ್ತಿರದ ಊರಿನ ರಿಪೇರಿಯವರೊಬ್ಬರಿಗೆ ಕೊಟ್ಟೆ. ಅವರು ತಂತಿಗಳನ್ನು ಹೊರುವ ಕುದುರೆಯನ್ನು ಉಸುಕಿನ ಕಾಗದದಿಂದ ಸಪಾಟಾಗಿ ತಿಕ್ಕಿ, ಉಳಿದಿದ್ದ ಝೇಂಕಾರವನ್ನೂ ಕಳೆದರು. ಆ ದಿನ ಅತ್ತುಬಿಟ್ಟೆ. ದೀಪಾವಳಿ ಮುಗಿದ ಮೇಲೆ ತಂಬೂರಿಯನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ, ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಿರಜಕ್ಕೆ ಹೋದೆ.

ನಮ್ಮ ಕಡೆಯವರಿಗೆ ಮಿರಜ ಅಂದರೆ ದವಾಖಾನೆ. ಸಂಗೀತದವರಿಗೆ ತಂತಿವಾದ್ಯ ಮಾಡುವವರ ಸತಾರಮೇಕರ ಗಲ್ಲಿ. ನಾನು ಹೋದದ್ದು ಅಲ್ಲಿನ ಒಂದು ಸಣ್ಣ ಅಂಗಡಿಗೆ. ಅಟ್ಟದಿಂದ ಸಾಲಾಗಿ ತೂಗುಬಿಟ್ಟ, ವಾದ್ಯದ ಕೊಡವಾಗುವ ಒಣ ಸೋರೆ ಬುರುಡೆಗಳು, ನೆಲದ ತುಂಬ ಕಟ್ಟಿಗೆಯ ಹೊಟ್ಟು. ಬುರುಡೆ ಬರುವುದು ಪಂಢರಪುರದ ಕಡೆಯಿಂದ. ಈ ಗಲ್ಲಿಯ ಕಾರೀಗರರ ಹಿರಿಯರು ಶಿಕಲಗಾರರು, ಕತ್ತಿ-ಗುರಾಣಿಗೆ ಸಾಣೆ ಹಿಡಿಯುತ್ತಿದ್ದವರು. ಆಯುಧದ ಕೆಲಸ ಕುಗ್ಗಿದಾಗ, 19ನೇ ಶತಮಾನದ ನಡುವಿನಲ್ಲಿ, ಅವರಲ್ಲೊಬ್ಬರಾದ ಫರೀದಸಾಹೇಬರು ವಾದ್ಯಕ್ಕೆ ಕೈ ಹಚ್ಚಿದರು. 2024ರಲ್ಲಿ ಮಿರಜದ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ.

ಹಿರಿಯ ಕಾರೀಗರರು ತಂಬೂರಿ ಮುಟ್ಟುವ ಮೊದಲು ನನ್ನನ್ನೇ ಕೇಳಿದರು, "ನಿಮ್ಮ ಸಾ ಹಚ್ಚರಿ, ಬಾಯಾರ." ಹಚ್ಚಿದೆ. "ಇದು ಕಪ್ಪು ನಾಲ್ಕು. ಈ ತಂತಿ ಕಪ್ಪು ಐದಕ್ಕ ಹಾಕಿದ್ದು. ಯಾರು ಹಾಡತಿದ್ರು?" ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಹೇಳುವ ಶ್ರುತಿ ಇದು. ಅತ್ತೆಯವರದು ಕಪ್ಪು ಐದು, ನನ್ನದಕ್ಕಿಂತ ಎತ್ತರ. ನಾನು ಅದೇ ತಂತಿಗಳನ್ನು ಸಡಿಲಿಸಿ ಇಷ್ಟು ವರ್ಷ ಹಾಡಿದ್ದೆ. ಇದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಜವಾರಿ ಅಂದರೆ ನಾಟಿ ಬೀಜ, ನಾಟಿ ಕೋಳಿ. ತಂಬೂರಿಯ ಜವಾರಿ ಬೇರೆ; ಝೇಂಕಾರ ಏಳುವಂತೆ ಕುದುರೆಯನ್ನು ಹದ ಮಾಡುವುದು. ಕುದುರೆಯ ಮೇಲ್ಮೈಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಇರಬೇಕು. ನಡುಗುವ ತಂತಿ ಅದನ್ನು ಸವರಿಕೊಂಡು ಹೋಗಬೇಕು. ತಂತಿಯ ಕೆಳಗಿನ ನೂಲನ್ನು ಹಿಂದೆಮುಂದೆ ಸರಿಸಿದರೆ ಒಂದು ಜಾಗದಲ್ಲಿ ನಾದ ಅರಳುತ್ತದೆ. ಕಾರೀಗರರು ಕಾನಸಿನಿಂದ (ಅರದಿಂದ) ನಾಲ್ಕು ಸಲ ಉಜ್ಜುವರು, ತಂತಿ ಏರಿಸುವರು, ಕಣ್ಣು ಮುಚ್ಚಿ ಕೇಳುವರು, ಮತ್ತೆ ಇಳಿಸುವರು. ಒಂದು ತಾಸು ನಾನು ಏಳಲಿಲ್ಲ. ನನ್ನ ಸ್ವರಕ್ಕೆ ತುಸು ದಪ್ಪ ತಂತಿ ಹಾಕಬೇಕು, ತಂತಿ ಬಿಗಿಯುವ ಒಂದು ಬಿರಡೆಯೂ ಜಾರುತ್ತಿದೆ ಎಂದು ವಾದ್ಯವನ್ನು ಅಲ್ಲೇ ಇಟ್ಟುಕೊಂಡರು.

ಎಂಟು ದಿನ ಅಂದಿದ್ದು ಇಪ್ಪತ್ತೆರಡು ದಿನ ಆಯಿತು. ಚೀಟಿಯನ್ನೂ ಕೊಡಲಿಲ್ಲ. ದೂರದಿಂದ ಬರುವವರಿಗೆ ಇದು ಕಷ್ಟ. ಹೊರಡುವ ಮುಂಚೆ ಫೋನ್ ಮಾಡಿಯೇ ಹೋಗಿ. ತಂತಿ ಸೇರಿ 1,800 ರೂಪಾಯಿ ತೆಗೆದುಕೊಂಡರು. ನನಗೆ ಹೆಚ್ಚೆನಿಸಲಿಲ್ಲ.

ತರಲು ಹೋದ ದಿನ ಮೊದಲು ಮೀರಾಸಾಹೇಬರ ದರ್ಗಾಕ್ಕೆ ಹೋಗಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನ್ ಸಾಹೇಬರ ಸಮಾಧಿಗೆ ಕೈ ಮುಗಿದೆ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಪ್ರಯಾಣದಲ್ಲಿದ್ದಾಗ ತೀರಿಕೊಂಡರು; ಮಣ್ಣಾದದ್ದು ಮಿರಜದಲ್ಲಿ.

ಅಂಗಡಿಯಲ್ಲಿ ತಂಬೂರಿಯನ್ನು ನನ್ನ ಕೈಗೇ ಕೊಟ್ಟರು. ಪಂಚಮ, ಜೋಡು ಷಡ್ಜ, ಆಮೇಲೆ ಹಿತ್ತಾಳೆಯ ಖರ್ಜ, ಅಂದರೆ ಕೆಳಗಿನ ಷಡ್ಜದ ತಂತಿ. ನಾಲ್ಕು ಸುತ್ತು ಮೀಟಿದ ಮೇಲೆ ಖರ್ಜದೊಳಗಿಂದ ಗಾಂಧಾರ ಎದ್ದು ನಿಂತಿತು, ಯಾವ ತಂತಿಯನ್ನೂ ಗಾಂಧಾರಕ್ಕೆ ಹಚ್ಚಿರದಿದ್ದರೂ. ಅತ್ತೆಯವರು ಹಾಡಲು ಕೂತಾಗ ಅಡುಗೆಮನೆಯಲ್ಲಿ ನಾನು ಕೇಳುತ್ತಿದ್ದ ಸ್ವರ ಅದು. ಇಪ್ಪತ್ತೆರಡು ದಿನದ ಸಿಟ್ಟು ನೆನಪಿಗೂ ಬರಲಿಲ್ಲ.

"ದನಿ ಬದಲಾತಂದ್ರ ಮತ್ತ ತಗೊಂಡು ಬರ್ರಿ," ಅಂದರು, ಸೀರೆಯ ಗಂಟು ಬಿಗಿಯುತ್ತ.