ರಕ್ತಕ್ಕೆ ಹೆದರದ ಟ್ಯಾಕ್: ಬೀದರಿನ ಲ್ಯಾಬ್‌ನಲ್ಲಿ ಬಳಸಿದವರ ಮಾತು

ದನದ ರಕ್ತದಲ್ಲಿ ಥೈಲೇರಿಯಾ (ಉಣ್ಣೆ ಹುಳ ಕಚ್ಚಿ ಹರಡುವ ರೋಗಾಣು) ಹುಡುಕುವವರು, ರಕ್ತದ ನಡುವೆಯೂ ಡಿಎನ್‌ಎ ನಕಲು ಮಾಡುವ ಈ ಬದಲಾಯಿಸಿದ ಟ್ಯಾಕ್ ಎನ್ಜೈಮ್ ಕೊಳ್ಳಬಹುದಾ? ಧಾರಾಳವಾಗಿ ಕೊಳ್ಳಬಹುದು. ಆದರೆ ಡಿಎನ್‌ಎ ತೆಗೆಯುವ ಕಿಟ್ಟನ್ನು ಈಗಲೇ ಕಪಾಟಿನಿಂದ ಹೊರಗೆ ಹಾಕಬೇಡಿ.

ಎಲ್ಲರೂ ಬಳಸುವ ಟ್ಯಾಕ್ ಬಂದದ್ದು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ. 95 ಡಿಗ್ರಿ ಕಾವಿಗೂ ಅದು ಜಗ್ಗುವುದಿಲ್ಲ. ಆದರೆ ಟ್ಯೂಬಿನಲ್ಲಿ ಶೇ 1ರಷ್ಟು ರಕ್ತವಿದ್ದರೆ ಸಾಕು, ಕೈ ಚೆಲ್ಲಿ ಕೂರುತ್ತದೆ. ಹಿಮೋಗ್ಲೋಬಿನ್ ಅದಕ್ಕೆ ದೊಡ್ಡ ಅಡ್ಡಿ. ಟ್ಯಾಕ್‌ನಲ್ಲಿರುವುದು 832 ಅಮೈನೋ ಆಮ್ಲಗಳು. ಅವುಗಳಲ್ಲಿ 708ನೆಯದನ್ನು ಬದಲಾಯಿಸಿದರೆ ಶೇ 20ರಷ್ಟು ರಕ್ತದಲ್ಲೂ ನಕಲು ನಡೆಯುತ್ತದೆ ಎಂದು ಕೆರ್ಮೆಕ್ಚೀವ್, ಬಾರ್ನ್ಸ್ ತಂಡ 2009ರಲ್ಲಿ ತೋರಿಸಿತು. ಇದೇ ತಂಡ 2003ರಲ್ಲಿ ಪಕ್ಕದ 707ನೇ ಜಾಗ ಬದಲಾಯಿಸಿ, ತಣ್ಣಗಿದ್ದಾಗ ಸುಮ್ನಿರುವ ಟ್ಯಾಕ್ ಮಾಡಿತ್ತು. ಒಂದೇ ಗೋಡೆಯ ಎರಡು ಮನೆ, ಗುಣ ಮಾತ್ರ ಬೇರೆ ಬೇರೆ!

ನಮಗೆ ರಕ್ತಕ್ಕೆ ಹೆದರದ ಟ್ಯಾಕ್‌ನ ಬೆಲೆ ಗೊತ್ತಾಗುವುದು ಉಣ್ಣೆ ಹುಳ ಹೆಚ್ಚುವ ಕಾಲದಲ್ಲಿ. ಔರಾದ್, ಭಾಲ್ಕಿ ಕಡೆಯಿಂದ ಸ್ಯಾಂಪಲ್‌ಗಳು ಒಟ್ಟಿಗೇ ಬಂದು ಬೀಳುತ್ತವೆ. ಜ್ವರ ಬಂದ ಜರ್ಸಿ ಮಿಶ್ರತಳಿಯಲ್ಲಿ ರೋಗಾಣು ಗಾಜಿನ ಸ್ಲೈಡ್ ಮೇಲೆಯೇ ಸಿಗುತ್ತದೆ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುವ ದೇವಣಿ ಹಸು ಒಳಗೊಳಗೇ ರೋಗ ಹೊತ್ತುಕೊಂಡಿದ್ದರೆ ಸ್ಲೈಡ್ ನಂಬಿ ಪ್ರಯೋಜನವಿಲ್ಲ, ಪಿಸಿಆರ್ (ರೋಗಾಣುವಿನ ಡಿಎನ್‌ಎಯನ್ನು ಟ್ಯಾಕ್‌ನಿಂದ ಮತ್ತೆ ಮತ್ತೆ ನಕಲು ಮಾಡಿ ಹುಡುಕುವ ಪರೀಕ್ಷೆ) ಬೇಕೇ ಬೇಕು. ಮೊದಲು ಡಿಎನ್‌ಎ ತೆಗೆಯುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಈಗ 25 ಮೈಕ್ರೋಲೀಟರ್ ಮಿಶ್ರಣಕ್ಕೆ 1ರಿಂದ 2 ಮೈಕ್ರೋಲೀಟರ್ ರಕ್ತ ನೇರವಾಗಿ ಹಾಕುತ್ತೇವೆ. ರೋಗಾಣುವಿನ ಗುರುತಾದ 721 ಬೇಸ್ (ಡಿಎನ್‌ಎಯ ಅಕ್ಷರ) ಉದ್ದದ ತುಂಡಿನ ಬ್ಯಾಂಡ್ ಜೆಲ್ ಮೇಲೆ ಚೆನ್ನಾಗಿಯೇ ಬರುತ್ತದೆ.

ಕಿರಿಕಿರಿಗಳೂ ಇವೆ. ಕಾದ ರಕ್ತ ಟ್ಯೂಬಿನ ತಳದಲ್ಲಿ ಕಂದು ಗಡ್ಡೆಯಾಗುತ್ತದೆ. ಒಮ್ಮೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನಷ್ಟೇ ಜೆಲ್‌ಗೆ ಹಾಕಬೇಕು, ಇಲ್ಲದಿದ್ದರೆ ಪಿಪೆಟ್‌ನ ಟಿಪ್ ಕಟ್ಟಿಕೊಳ್ಳುತ್ತದೆ. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕ) ಇರುವ ಟ್ಯೂಬಿನ ರಕ್ತವಾದರೆ ಟ್ಯಾಕ್‌ಗೆ ಬೇಕಾದ ಮೆಗ್ನೀಸಿಯಂ ಸ್ವಲ್ಪ ಜಾಸ್ತಿ ಮಾಡಿ, ಏಕೆಂದರೆ ಇಡಿಟಿಎ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. 72 ಡಿಗ್ರಿಯಲ್ಲಿ ಸಾವಿರ ಬೇಸ್‌ಗೆ ಒಂದು ನಿಮಿಷದ ಹಳೇ ಲೆಕ್ಕ ಬಿಡಿ, ಎರಡು ನಿಮಿಷ ಕೊಡಿ. ನಕಲನ್ನು ಬೆಳಕಿನ ಹೊಳಪಿನಿಂದ ಅಳೆಯುವ ರಿಯಲ್ ಟೈಮ್ ಪಿಸಿಆರ್‌ಗೆ ನಾನಂತೂ ನೇರ ರಕ್ತ ಹಾಕುವುದಿಲ್ಲ. ಆ ಕಂದು ಬಣ್ಣ ಹೊಳಪನ್ನೇ ನುಂಗುತ್ತದೆ.

ರೋಗಾಣು ತೀರಾ ಕಡಿಮೆ ಇದೆ ಎಂಬ ಅನುಮಾನವಿದ್ದರೆ ಕಿಟ್ಟೇ ಮೇಲು. 2 ಮೈಕ್ರೋಲೀಟರ್ ರಕ್ತದಲ್ಲಿ ಇಲ್ಲದ್ದನ್ನು ಯಾವ ಎನ್ಜೈಮ್ ತಾನೇ ಹುಡುಕೀತು? ಕಿಟ್ 200 ಮೈಕ್ರೋಲೀಟರ್ ರಕ್ತದ ಡಿಎನ್‌ಎಯನ್ನು ಒಂದೆಡೆ ಸೇರಿಸಿ ಕೊಡುತ್ತದೆ.

ಇನ್ನೊಂದು ಮಾತು. ಇದೂ ಟ್ಯಾಕೇ, ನಕಲಿನ ತಪ್ಪು ತಿದ್ದುವ ಗುಣ ಇದಕ್ಕಿಲ್ಲ. ಜೀನ್ ಕ್ಲೋನ್ ಮಾಡುವವರು ತಪ್ಪು ತಿದ್ದುವ ಪಿಎಫ್‌ಯು ತರಹದ ಎನ್ಜೈಮನ್ನೇ ಹಿಡಿಯಲಿ.

ಬೆಲೆ ಮಾಮೂಲಿ ಟ್ಯಾಕ್‌ಗಿಂತ ಜಾಸ್ತಿಯೇ. ಕಿಟ್ಟಿನ ಖರ್ಚು ಕಳೆದರೆ ನಮಗೆ ಗಿಟ್ಟುತ್ತದೆ, ಅದೂ ಸ್ಯಾಂಪಲ್ ರಾಶಿ ಬಿದ್ದಾಗ ಮಾತ್ರ. ತಿಂಗಳಿಗೆ ನಾಲ್ಕಾರು ಸ್ಯಾಂಪಲ್ ನೋಡುವ ಲ್ಯಾಬ್‌ಗೆ ಬೇಕಿಲ್ಲ. ಕೊಳ್ಳುವುದೇ ಆದರೆ ಸಣ್ಣ ಪ್ಯಾಕ್ ತರಿಸಿ. ನಿಮ್ಮದೇ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ತುಂಡು) ಹಾಕಿ, ರೋಗ ಇದೆ ಎಂದು ಖಚಿತವಾದ ಒಂದು ರಕ್ತ, ಇಲ್ಲವೆಂದು ಖಚಿತವಾದ ಒಂದು ರಕ್ತ ಓಡಿಸಿ ನೋಡಿ, ಆಮೇಲೆ ದೊಡ್ಡ ಆರ್ಡರ್ ಕೊಡಿ.