ಜಬಲ್ಪುರದ ನಿಸ್ಸಾನ್ ಒನ್ ಟನ್: ಶಿರಸಿಯ ತೋಟದ ಮನೆಯಲ್ಲಿ ಏಳು ಮಳೆಗಾಲ

2017ರ ಡಿಸೆಂಬರಿನಲ್ಲಿ ಕೊಂಡ ಈ ಲಾರಿ ನಮ್ಮ ಅಂಗಳದ ತುದಿಯ ಚಪ್ಪರದ ಕೆಳಗೆ ಹದಿನಾಲ್ಕು ತಿಂಗಳು ಬಿಡಿಬಿಡಿಯಾಗಿ ಬಿದ್ದುಕೊಂಡಿದ್ದು, 2019ರ ಫೆಬ್ರುವರಿಯಲ್ಲಿ ತನ್ನ ಗಾಲಿಗಳ ಮೇಲೆ ನಿಂತಿತು. ಅಂದಿನಿಂದ ಏಳು ಮಳೆಗಾಲ ಕಳೆದಿವೆ. ಸುಮಾರು 14,000 ಕಿಲೋಮೀಟರ್ ಓಡಿದೆ. ಇದನ್ನು ಪ್ರದರ್ಶನಕ್ಕೆಂದು ಇಟ್ಟುಕೊಂಡಿಲ್ಲ. ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ಕೊಡುವ ಕಾಡಿನಿಂದ) ದರಕು, ಅಂದರೆ ಒಣ ಎಲೆ, ತರುವುದು, ತೋಟಕ್ಕೆ ಗೊಬ್ಬರ ಇಳಿಸುವುದು, ಅಡಿಕೆ ಚೀಲಗಳನ್ನು ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವಾದ ಟಿಎಸ್‌ಎಸ್‌ಗೆ ಮುಟ್ಟಿಸುವುದು, ವರ್ಷಕ್ಕೆ ಮೂರು ನಾಲ್ಕು ಸಲ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬರುವುದು ಇದರ ಕೆಲಸ. ಆದ್ದರಿಂದ ಕೆಳಗೆ ಬರೆದಿರುವುದನ್ನು ದುಡಿಯುವ ಗಾಡಿಯ ವಿಮರ್ಶೆಯೆಂದೇ ಓದಬೇಕು.

ಸೈನ್ಯಕ್ಕಾಗಿ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ನಿಸ್ಸಾನ್ ಪರವಾನಗಿಯಡಿ ತಯಾರಾದ ನಾಲ್ಕು ಚಕ್ರ ಚಾಲನೆಯ ಸಣ್ಣ ಲಾರಿ ಇದು. ಅಲ್ಲಿಯೇ ತಯಾರಾದ ಜೋಂಗಾ ಜೀಪು ಇದರ ತಮ್ಮನಿದ್ದಂತೆ. ಎರಡಕ್ಕೂ ಇರುವುದು 3,956 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಬಾಗಿಲಿನ ಬಳಿ ಬಣ್ಣ ಉಜ್ಜುತ್ತಿದ್ದಾಗ ಹಳದಿ, ಕೆಂಪು, ಮತ್ತೆ ಹಳದಿ, ಹೀಗೆ ಹಿಂದಿನ ಮಾಲೀಕರ ಪದರಗಳೆಲ್ಲ ಕಳೆದು ಕೊನೆಗೆ ಸೈನ್ಯದ ಹಸಿರು ಬಣ್ಣವೂ ಅದರ ಮೇಲೆ ಬಿಳಿಯ ಮೇಲ್ಮುಖ ಬಾಣವೂ ಕಾಣಿಸಿದವು. ಸೈನ್ಯದ ವಾಹನಗಳ ಸಂಖ್ಯೆಯಲ್ಲಿ ಬಾಣದ ನಂತರದ ಎರಡು ಅಂಕಿಗಳು ಖರೀದಿಯ ವರ್ಷವನ್ನು ಹೇಳುತ್ತವೆ. ನಮ್ಮದರಲ್ಲಿದ್ದದ್ದು 84. ಆ ಒಂದು ಗೇಣು ಜಾಗಕ್ಕೆ ಇಂದಿಗೂ ಹೊಸ ಬಣ್ಣ ಬಳಿದಿಲ್ಲ. ವಾರ್ನಿಷ್ ಹೊಡೆದು ಹಾಗೆಯೇ ಉಳಿಸಿದ್ದೇನೆ.

ಕಾಗದಪತ್ರದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹರಾಜಿನಲ್ಲಿ ಕೊಂಡವನಲ್ಲ. ಆಗಲೇ ಶಿರಸಿಯ ಕೆಎ-31ರಲ್ಲಿ ನೋಂದಣಿಯಾಗಿ, ಮರದ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಕೆಟ್ಟು ನಿಂತಿದ್ದ ಗಾಡಿಯನ್ನು ಎರಡು ಲಕ್ಷದ ಹತ್ತು ಸಾವಿರಕ್ಕೆ ತಂದೆ. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆಯನ್ನು ಕಬ್ಬಿಣದ ಮೇಲೆ ಕೊರೆದಿರುವ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡದೆ ಮುಂಗಡ ಕೊಡಬಾರದು. ಸರಕು ಸಾಗಣೆಯ ವಾಹನವಾದ್ದರಿಂದ ಪ್ರತಿ ವರ್ಷ ಓಡಲು ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ ಮಾಡಿಸಬೇಕು. ಡೀಸೆಲ್ ಎಂಜಿನ್ ಕೂರಿಸುವುದಾದರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಅನುಮತಿ ಪಡೆದು ಆರ್‌ಸಿಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಬೇಕಾಗುತ್ತದೆ. ಊರಿನ ಹತ್ತರಲ್ಲಿ ಎಂಟು ಜನ ನನಗೆ ಕೊಟ್ಟ ಸಲಹೆ ಡೀಸೆಲ್ ಹಾಕಿಸು ಎಂಬುದೇ ಆಗಿತ್ತು. ಮಾಡಿಸಲಿಲ್ಲ. ಕಾಗದದ ತೊಡಕಿಗಿಂತ ಬೇರೆಯೇ ಕಾರಣವೊಂದಿತ್ತು, ಅದು ಬ್ರೇಕಿಗೆ ಸಂಬಂಧಪಟ್ಟದ್ದು.

ಮೂಲ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕುಗಳಿದ್ದು, ಇಡೀ ಬ್ರೇಕಿಗೆ ಒಂದೇ ಆಯಿಲ್ ಮಾರ್ಗವಿತ್ತು. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತೆಂದೇ ಲೆಕ್ಕ. ಇದು ತಿಳಿದಿದ್ದೂ ಮೊದಲ ಸಲ ನಾನು ಹಣ ಸುರಿದದ್ದು ಎಂಜಿನ್ನಿಗೆ: ಸಿಲಿಂಡರುಗಳನ್ನು ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿದೆ. ಬ್ರೇಕಿನಲ್ಲಿ ಮಾತ್ರ, ಆಯಿಲಿನ ಒತ್ತಡದಿಂದ ಬ್ರೇಕ್ ಶೂಗಳನ್ನು ತಳ್ಳುವ ಹಳೆಯ ವೀಲ್ ಸಿಲಿಂಡರುಗಳನ್ನೇ ತಿಕ್ಕಿ ತೊಳೆದು, ಒಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳನ್ನಷ್ಟೇ ಬದಲಿಸಿ ಮುಗಿಸಿದೆ. ಸಿಲಿಂಡರಿನ ಒಳಮೈಯಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳಿದ್ದವು. ನಮ್ಮ ಮೆಕ್ಯಾನಿಕ್ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಹೆಗಡೇರೇ, ಇದರೊಳಗೆ ಹೊಸ ಕೊಳವೆ, ಸ್ಲೀವ್ ಹಾಕಿಸಿ. ಇಲ್ಲದಿದ್ದರೆ ಒಂದು ಸಲ ಒತ್ತಿದರೆ ಬ್ರೇಕು, ಇನ್ನೊಂದು ಸಲ ಒತ್ತಿದರೆ ದೇವರು" ಎಂದಿದ್ದರು. ನಾಲ್ಕೈದು ಸಾವಿರ ಉಳಿಯಿತೆಂದು ನಾನು ನಕ್ಕುಬಿಟ್ಟೆ.

2019ರ ಅಕ್ಟೋಬರಿನಲ್ಲಿ ಕುಮಟಾದ ತಂಗಿಯ ಮನೆಗೆ ಹಳೆಯ ಹೆಂಚು ಹೇರಿಕೊಂಡು ದೇವಿಮನೆ ಘಟ್ಟ ಇಳಿಯುತ್ತಿದ್ದಾಗ, ತಿರುವೊಂದರ ಮೊದಲು ಪೆಡಲ್ ಏನೂ ತಡೆಯಿಲ್ಲದೆ ನೆಲ ಮುಟ್ಟಿತು. ಆಗಲೇ ಕೆಳಗಿನ ಗೇರಿನಲ್ಲಿದ್ದದ್ದು ಪುಣ್ಯ. ಇನ್ನೊಂದು ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ, ಗುಡ್ಡದ ಬದಿಯ ಚರಂಡಿಗೆ ಎಡಗಾಲಿ ಇಳಿಸಿ ನಿಲ್ಲಿಸಿದೆ. ಈ ಗಾಡಿಯ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಗೇರ್‌ಬಾಕ್ಸಿನ ಹಿಂದಿನ ಡ್ರಮ್ಮಿನಲ್ಲಿದ್ದು ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಅದಕ್ಕೆ ಬ್ರೇಕ್ ಆಯಿಲಿನ ಹಂಗಿಲ್ಲ, ಆದರೆ ಓಟದಲ್ಲಿ ಒಮ್ಮೆಲೇ ಎಳೆದರೆ ಯೂನಿವರ್ಸಲ್ ಜಾಯಿಂಟ್ ಮುರಿಯುವ ಅಪಾಯವಿದೆ. ಇಳಿದು ನೋಡಿದರೆ ಹಿಂದಿನ ಎಡ ಚಕ್ರದ ಒಳಬದಿ ಒದ್ದೆಯಾಗಿತ್ತು. ಗುಳಿಬಿದ್ದ ಅದೇ ಸಿಲಿಂಡರಿನಲ್ಲಿ ಹೊಸ ಕಪ್ಪಿನ ಅಂಚು ಕತ್ತರಿಸಿಹೋಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು. ಹೀರಿದ ನೀರು ಆಯಿಲಿನ ಕುದಿಬಿಂದುವನ್ನು ಇಳಿಸುವುದಲ್ಲದೆ ಸಿಲಿಂಡರನ್ನು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಬೇಗ ಆಗುತ್ತದೆಂಬುದನ್ನು ನಾನು ಘಟ್ಟದ ಚರಂಡಿಯಲ್ಲಿ ನಿಂತು ಕಲಿತೆ.

ಆಮೇಲೆ ಮಾಡಿಸಿದ ಬದಲಾವಣೆಯೇ ಇಡೀ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು. ನಾಲ್ಕೂ ಚಕ್ರಕ್ಕೆ ಸ್ಲೀವ್ ಹಾಕಿದ ಸಿಲಿಂಡರುಗಳು, ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಮಾರ್ಗ ಕೊಡುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್, ಅದರ ಹಿಂದೆ ನಿರ್ವಾತದಿಂದ ಪೆಡಲಿಗೆ ಬಲ ಕೂಡಿಸುವ ವ್ಯಾಕ್ಯೂಮ್ ಬೂಸ್ಟರ್. ಬೂಸ್ಟರಿಗೆ ಬೇಕಾದ ನಿರ್ವಾತ ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ತಾನಾಗಿಯೇ ಸಿಗುತ್ತದೆ. ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಡೀಸೆಲಿನಲ್ಲಾದರೆ ಅದಕ್ಕೆಂದೇ ಪ್ರತ್ಯೇಕ ಪಂಪ್ ಬೇಕು. ಪೆಟ್ರೋಲನ್ನೇ ಉಳಿಸಿಕೊಂಡದ್ದಕ್ಕೆ ನಾನು ಹೇಳಿದ ಕಾರಣ ಇದು. ಈಗ ಆಯಿಲನ್ನು ಪ್ರತಿ ವರ್ಷ ನವರಾತ್ರಿಯ ಆಯುಧಪೂಜೆಗೆ ಮುನ್ನ ಪೂರ್ತಿ ಬದಲಿಸುತ್ತೇನೆ. ಆರು ವರ್ಷಗಳಲ್ಲಿ ಬ್ರೇಕು ಒಮ್ಮೆಯೂ ಕೈಕೊಟ್ಟಿಲ್ಲ. ಬೂಸ್ಟರಿನ ಚೆಕ್ ವಾಲ್ವ್ ಒಂದು ಸಲ ಸೋರಿ ಎಂಜಿನ್ ಐಡಲಿನಲ್ಲಿ ನಡುಗಿದ್ದುಂಟು, ಅಷ್ಟೇ.

ವಿದ್ಯುತ್ ಕೆಲಸದಲ್ಲಿ ತಪ್ಪು ಗಾಡಿಯದಲ್ಲ, ನನ್ನದು. ಹಳೆಯ ಡೈನಮೊ ಮತ್ತು ಅದರ ಚಾರ್ಜಿಂಗ್ ಸ್ವಿಚ್ಚಾದ ಕಟೌಟ್ ತೆಗೆದು ಆಲ್ಟರ್ನೇಟರ್ ಹಾಕಿಸಿದ್ದು ಸರಿಯಾದ ನಿರ್ಧಾರವೇ. ಐಡಲಿನಲ್ಲಿಯೂ ಬ್ಯಾಟರಿ ಚಾರ್ಜ್ ಆಗುತ್ತದೆ, ಮಳೆಯಲ್ಲಿ ವೈಪರ್, ಹೆಡ್‌ಲೈಟ್ ಎರಡೂ ಒಟ್ಟಿಗೆ ನಡೆಯುತ್ತವೆ. ಆದರೆ ಚಾಸಿಗೂ ಬಾಡಿಗೂ ಎಪಾಕ್ಸಿ ಪ್ರೈಮರನ್ನು ಅಷ್ಟೊಂದು ಶ್ರದ್ಧೆಯಿಂದ ಬಳಿದವನು, ಅರ್ತಿಂಗ್ ಬೋಲ್ಟುಗಳ ಅಡಿಗೂ ಬಳಿದಿದ್ದೆ. ಬಣ್ಣದಿಂದಾಗಿ ಅಲ್ಲಿ ಕರೆಂಟು ಸರಿಯಾಗಿ ಹರಿಯದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು. ಎರಡು ತಿಂಗಳು ಸ್ವಿಚ್ಚು, ಫ್ಯೂಸು, ಬಲ್ಬು ಬದಲಿಸಿ ಸೋತ ಮೇಲೆ, ಎಂಟು ಕಡೆ ಬಣ್ಣ ಕೆರೆದು, ಬ್ಯಾಟರಿಯಿಂದ ಎಂಜಿನ್ನಿಗೂ ಎಂಜಿನ್ನಿನಿಂದ ಬಾಡಿಗೂ ದಪ್ಪ ತಂತಿ ಎಳೆದದ್ದೇ ತಡ, ಎಲ್ಲವೂ ತೆಪ್ಪಗಾದವು.

ಕಿಡಿ ಹುಟ್ಟಿಸುವ ಹಳೆಯ ಪಾಯಿಂಟಿನ ಬದಲು ಹಾಕಿಸಿದ ಎಲೆಕ್ಟ್ರಾನಿಕ್ ಇಗ್ನಿಷನ್ ಬಗ್ಗೆ ನನ್ನ ಅಭಿಪ್ರಾಯ ಅರ್ಧ ಮನಸ್ಸಿನದು. ಸ್ಟಾರ್ಟಿಂಗ್ ಸುಲಭವಾಯಿತು, ನಿಜ. ಆದರೆ 2022ರ ಜುಲೈನಲ್ಲಿ ಬೆಟ್ಟದಲ್ಲಿ ಸೊಪ್ಪು ತುಂಬಿ ನಿಂತಿದ್ದಾಗ ಮಾಡ್ಯೂಲ್ ಸದ್ದಿಲ್ಲದೆ ಸತ್ತಿತು. ಅದನ್ನು ರಿಪೇರಿ ಮಾಡುವ ಮಾತೇ ಇಲ್ಲ. ಟೂಲ್ ಪೆಟ್ಟಿಗೆಯಲ್ಲಿದ್ದ ಹಳೆಯ ಪಾಯಿಂಟ್ ಮತ್ತು ಕಂಡೆನ್ಸರನ್ನು ಕಂಬಳಿಕೊಪ್ಪೆಯ ಮರೆಯಲ್ಲಿ ಕೂರಿಸಿ, ಫೀಲರ್ ಗೇಜ್ ಮನೆಯಲ್ಲಿ ಉಳಿದಿದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕಿದ ಮದುವೆಯ ಕರೆಯೋಲೆಯ ದಪ್ಪಕ್ಕೆ ಗ್ಯಾಪ್ ಹೊಂದಿಸಿದೆ. ಅರ್ಧ ಗಂಟೆಯಲ್ಲಿ ಮನೆಗೆ ಹೊರಟೆ. ಈಗಲೂ ಅದು ಪಾಯಿಂಟಿನಲ್ಲೇ ಓಡುತ್ತಿದೆ.

ಪೆಟ್ರೋಲಿನ ಸಮಸ್ಯೆ ಇತ್ತೀಚಿನದು. ದೇಶದಲ್ಲಿ ಎಥನಾಲ್ ಮಿಶ್ರಣ 2022ರಲ್ಲಿ ಶೇ 10ಕ್ಕೂ 2025ರಲ್ಲಿ ಶೇ 20ಕ್ಕೂ ಬಂದು ಮುಟ್ಟಿತು. ಈ ಗಾಡಿಯ ಪೆಟ್ರೋಲ್ ಪಂಪಿನ ಡಯಾಫ್ರಮ್ ಮತ್ತು ರಬ್ಬರ್ ಪೈಪುಗಳು ಅಂಥ ಇಂಧನಕ್ಕಾಗಿ ಮಾಡಿದವಲ್ಲ. ಪೈಪು ಒಳಗೆ ಮೆತ್ತಗಾಗಿ, ಕಪ್ಪು ಹುಡಿ ಬಂದು ಕಾರ್ಬ್ಯುರೇಟರಿನ ಜೆಟ್ಟು ಎರಡು ಸಲ ಕಟ್ಟಿತು. ಎಥನಾಲ್ ನೀರನ್ನೂ ಸೆಳೆಯುತ್ತದೆ. ನೀರು ಮಿತಿ ಮೀರಿದಾಗ ಅದು ಎಥನಾಲಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಪೈಪು, ಡಯಾಫ್ರಮ್ ಎಲ್ಲವನ್ನೂ ಎಥನಾಲ್ ತಾಳಿಕೊಳ್ಳುವ ವೈಟಾನ್ ರಬ್ಬರಿಗೆ ಬದಲಿಸಿ, ಪಾರದರ್ಶಕ ಫಿಲ್ಟರ್ ಹಾಕಿದ್ದೇನೆ. ಗಾಡಿ ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿಯೇ ನಿಲ್ಲಿಸುತ್ತೇನೆ.

ತುಕ್ಕಿನ ವಿಷಯದಲ್ಲಿ ಘಟ್ಟದ ಮೇಲಿರುವವರು ಭಾಗ್ಯವಂತರು. ಕುಮಟಾದಲ್ಲಿ ತಂಗಿಯ ಮನೆಯ ಹಿಂದೆ ಒಂದೇ ಒಂದು ತಿಂಗಳು ನಿಂತಾಗ ಉಪ್ಪುಗಾಳಿಗೆ ಕಮಾನು ಪಟ್ಟಿಗಳ ನಡುವೆ ಕೆಂಪು ಗೆರೆ ಮೂಡಿತ್ತು. ಪ್ರತಿ ಮೇ ತಿಂಗಳಲ್ಲಿ ಚಾಸಿಯ ಅಡಿಯನ್ನು ತೊಳೆದು, ಒಣಗಿಸಿ, ಪಟ್ಟಿಗಳಿಗೆ ಗ್ರೀಸ್ ತುಂಬಿಸುತ್ತೇನೆ. ಸುಟ್ಟ ಆಯಿಲ್ ಹೊಡೆಯುವ ರೂಢಿ ನಮ್ಮಲ್ಲಿದೆ. ಆದರೆ ಅದು ರಬ್ಬರ್ ಬುಷ್ಷುಗಳನ್ನು ಹಾಳುಮಾಡುವುದಲ್ಲದೆ ಮಳೆಯಲ್ಲಿ ತೊಳೆದು ತೋಟದ ಕಾಲುವೆ ಸೇರುತ್ತದೆಂದು ಬಿಟ್ಟುಬಿಟ್ಟೆ.

ಓಡಿಸುವವರಿಗೆ ಒಂದು ಮಾತು. ಮುಂದಿನ ಆಕ್ಸಲನ್ನು, ಅಂದರೆ ಮುಂದಿನ ಚಕ್ರಗಳ ಚಾಲನೆಯನ್ನು, ಕೆಸರಿನಲ್ಲಿ ಮಾತ್ರ ಸೇರಿಸಬೇಕು. ಒಣಗಿದ ಡಾಂಬರಿನ ಮೇಲೆ ಸೇರಿಸಿ ತಿರುಗಿಸಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಓಟ ಬೇರೆಯಾಗಿ ಗೇರುಗಳು ಬಿಗಿದುಕೊಳ್ಳುತ್ತವೆ, ಲಿವರ್ ಹಿಂದಕ್ಕೆ ಬರುವುದೇ ಇಲ್ಲ. ಪವರ್ ಸ್ಟೀರಿಂಗ್ ಇಲ್ಲದ್ದು ತೋಟದ ಇಕ್ಕಟ್ಟಿನಲ್ಲಿ ಭುಜಕ್ಕೆ ಗೊತ್ತಾಗುತ್ತದೆ. ಮೈಲೇಜ್ ಕೇಳಬೇಡಿ ಎನ್ನಬಹುದಿತ್ತು, ಆದರೂ ಹೇಳುತ್ತೇನೆ: ಭಾರ ಹೊತ್ತು ಘಟ್ಟ ಹತ್ತುವಾಗ ಲೀಟರಿಗೆ ಮೂರು, ಸಪಾಟಿನಲ್ಲಿ ನಾಲ್ಕೂವರೆ. ದಿನವೂ ಬಾಡಿಗೆಗೆ ಓಡಿಸುವವರು ಇದರ ಗೊಡವೆಗೆ ಹೋಗಬಾರದು. ಜೂನ್ ಕೊನೆಯ ಕೆಮ್ಮಣ್ಣಿನ ಏರಿನಲ್ಲಿ, ಟ್ರ್ಯಾಕ್ಟರ್ ಹುಗಿದು ಕೂತಲ್ಲಿ ಇದು ನಿಧಾನವಾಗಿ ಓಡಿ ಹೆಚ್ಚು ಎಳೆಯುವ ಲೋ ರೇಂಜ್ ಗೇರಿನಲ್ಲಿ ಗೊಬ್ಬರದ ಭಾರ ಹೊತ್ತು ಆರಾಮಾಗಿ ಹತ್ತುವುದನ್ನು ನೋಡಿದವರು ಮಾತ್ರ ಲೆಕ್ಕವನ್ನು ಬೇರೆ ರೀತಿ ಹಾಕುತ್ತಾರೆ.

ಖರೀದಿ ಬಿಟ್ಟು ಈವರೆಗೆ ಆದ ಖರ್ಚು ನಾಲ್ಕು ಲಕ್ಷ ಅರವತ್ತು ಸಾವಿರ. ಅದರಲ್ಲಿ ಎಂಜಿನ್ ಕೆಲಸಕ್ಕೆ ಹೋದದ್ದು ಸುಮಾರು ಅರ್ಧ. ಇವತ್ತು ಮತ್ತೆ ಶುರುಮಾಡುವುದಾದರೆ ಮೊದಲ ಹಣವನ್ನು ಬ್ರೇಕಿಗೂ ಎರಡನೆಯದನ್ನು ವೈರಿಂಗಿಗೂ ಕೊಟ್ಟು, ಹೊಗೆ ಕಾರುತ್ತಿದ್ದರೂ ಓಡುತ್ತಿದ್ದ ಎಂಜಿನ್ನನ್ನು ಎರಡು ವರ್ಷ ಹಾಗೆಯೇ ಬಿಡುತ್ತಿದ್ದೆ. ಬಿಡಿಭಾಗಗಳಿಗೆ ಹುಬ್ಬಳ್ಳಿಯ ಹಳೆಯ ಅಂಗಡಿಗಳೇ ಗತಿ. ಸಿಗದಿದ್ದದ್ದನ್ನು ಲೇತಿನಲ್ಲಿ ಮಾಡಿಸಬೇಕು. ಮುಂದಿನ ಎಡ ಚಕ್ರದ ಸ್ಟೀರಿಂಗ್ ನಕಲ್ ಸೀಲ್ (ಚಕ್ರ ತಿರುಗುವ ಕೀಲಿನ ಸೀಲ್) ಈಗ ಸೋರತೊಡಗಿದೆ. ಹೊಸ ಸೀಲ್ ಮೊನ್ನೆ ಬಂದಿದ್ದು, ಅಡಿಕೆ ಸುಲಿಯುವ ಕೆಲಸ ಮುಗಿದ ಮೇಲೆ ಬಿಚ್ಚಬೇಕು.